ತೆಗೆಯುವುದು ಸುಲಭ, ವಾಪಸ್ ಇಡುವುದು ಕಷ್ಟ: ಹೊಲಿಗೆ ಸಾಮಾನಿಗೆ ಒಂದು ಕಪಾಟು

ನನ್ನ ಕಪಾಟಿನಲ್ಲಿ ಒಂದೇ ಅಳತೆಯ ಏಳು ಕಪ್ಪು ಜಿಪ್ಪುಗಳಿದ್ದವು. ಏಳು ಬೇಕು ಅಂತ ತಂದಿದ್ದಲ್ಲ. ಪ್ರತಿ ಸಲ ಒಂದು ಬೇಕಾಯಿತು, ಹುಡುಕಿದೆ, ಸಿಗಲಿಲ್ಲ, ಹೋಗಿ ಹೊಸದು ತಂದೆ, ಆಮೇಲೆ ಇನ್ನೇನೋ ಹುಡುಕುವಾಗ ಹಳೆಯದು ಕೈಗೆ ಸಿಕ್ಕಿತು. ಹೊಲಿಗೆ, ಕಸೂತಿ, ಕ್ರಾಫ್ಟ್ ಅಂತ ಕೈ ಹಾಕಿದವರಿಗೆಲ್ಲ ಇದು ಗೊತ್ತಿರುವ ಪಾಡೇ, ಅಲ್ವಾ?

ಸರಿಮಾಡೋಣ ಅಂತ ಮೊದಲ ಸಲ ಹೊರಟಾಗ ಚಂದದ ಡಬ್ಬಿಗಳನ್ನು ತಂದೆ. ಎಲ್ಲಾ ಒಂದೇ ಬಣ್ಣ, ಒಂದರ ಮೇಲೊಂದು ಜೋಡಿಸಿದರೆ ನೋಡೋಕೆ ಏನೋ ಖುಷಿ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಗೊಂದಲ, ಯಾಕೆಂದರೆ ತಳದ ಡಬ್ಬಿಯೊಳಗೆ ಒಂದು ಬಾಬಿನ್ (ಮೆಷಿನ್ನಿನ ಕೆಳದಾರ ಸುತ್ತುವ ಪುಟ್ಟ ಉರುಳೆ) ವಾಪಸ್ ಹಾಕಬೇಕು ಅಂದರೆ ಮೇಲಿನ ಮೂರು ಡಬ್ಬಿ ಇಳಿಸಬೇಕಿತ್ತು. ಯಾರು ಇಳಿಸುತ್ತಾರೆ? ಬಾಬಿನ್ ಮೇಲಿನ ಡಬ್ಬಿಯ ಮುಚ್ಚಳದ ಮೇಲೇ ಕೂತಿತು. ಅದರ ಪಕ್ಕ ಚಾಕ್ ಬಂತು. ಚಾಕ್ ಪಕ್ಕ ಟೇಪು ಬಂತು.

ಬೇಕಾದ ವಸ್ತುವನ್ನು ನಾವು ಹೇಗಾದರೂ ತೆಗೆಯುತ್ತೇವೆ, ಆಗ ಹುಮ್ಮಸ್ಸು ಇರುತ್ತದೆ. ವಾಪಸ್ ಇಡುವ ಹೊತ್ತಿಗೆ ಬೆನ್ನು ನೋಯುತ್ತಿರುತ್ತದೆ, ರಾತ್ರಿ ಆಗಿರುತ್ತದೆ. ಆ ಸುಸ್ತಾದ ಕೈಗೆ ಸುಲಭವಾಗುವ ಹಾಗೆ ಕಪಾಟು ಜೋಡಿಸಬೇಕು. ದಿನಾ ಬಳಸುವ ಯಾವುದೇ ಸಾಮಾನನ್ನು ಒಂದೇ ಕೈಯಲ್ಲಿ, ಬೇರೇನನ್ನೂ ಸರಿಸದೆ ವಾಪಸ್ ಇಡೋಕೆ ಬರಬೇಕು. ಬರದಿದ್ದರೆ ಆ ಜಾಗ ಸರಿಯಿಲ್ಲ. ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಎಲ್ಲವೂ ನೆಲಕ್ಕೆ

ಡಬ್ಬಿ ಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಒಂದು ಹಳೆ ಬೆಡ್‌ಶೀಟ್ ಹಾಸಿ, ಕಪಾಟಿನಲ್ಲಿ ಇರುವುದನ್ನೆಲ್ಲ ಅದರ ಮೇಲೆ ಸುರಿಯಿರಿ. ಮಂಚದ ಕೆಳಗಿನ ಚೀಲ, ಅಡುಗೆಮನೆ ಡ್ರಾಯರಿನಲ್ಲಿರುವ ಕತ್ತರಿ, ಮೆಷಿನ್ ಮೇಜಿನ ಖಾನೆ, ಎಲ್ಲ ಕಡೆಯಿಂದ ಬರಲಿ. ಅರ್ಧ ಮಾತ್ರ ತೆಗೆದು ಜೋಡಿಸಿದರೆ ಆಮೇಲೆ ಸಿಗುವ ಉಳಿದರ್ಧಕ್ಕೆ ಜಾಗವೇ ಇರುವುದಿಲ್ಲ.

ಈಗ ಗುಂಪು ಮಾಡಿ. ಬಟ್ಟೆ ಒಂದು ಕಡೆ, ದಾರ ಒಂದು ಕಡೆ, ಜಿಪ್ಪು ಹುಕ್ಕು ಗುಂಡಿ ಎಲಾಸ್ಟಿಕ್ ಲೇಸು ಒಂದು ಕಡೆ. ಕತ್ತರಿ ಸೂಜಿ ಟೇಪುಗಳಂಥ ಉಪಕರಣ ಬೇರೆ. ಮಣಿ, ಬಣ್ಣ, ಗಮ್, ಉಲ್ಲನ್ ಬೇರೆ. ಅರ್ಧಕ್ಕೆ ನಿಂತ ಕೆಲಸಗಳದ್ದೂ ಒಂದು ಗುಂಪು ಆಗುತ್ತದೆ, ನಾಚಿಕೊಳ್ಳಬೇಡಿ, ನನ್ನದು ಹನ್ನೊಂದು ಇತ್ತು.

ಎಸೆಯುವ ವಿಷಯದಲ್ಲಿ ನಾನು ಅಷ್ಟು ಕಠಿಣ ಅಲ್ಲ. ಆದರೆ ಕೆಲವನ್ನು ಪರೀಕ್ಷೆ ಮಾಡಿಯೇ ಇಡಬೇಕು. ಹಳೆ ದಾರವನ್ನು ಒಂದು ಅಡಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಪಟ್ ಅಂತ ಸುಲಭವಾಗಿ ಹರಿದರೆ ಅದು ಮೆಷಿನ್ನಿಗೆ ಬೇಡ, ಕಚ್ಚಾ ಹೊಲಿಗೆಗೆ ಇಟ್ಟುಕೊಳ್ಳಿ. ಎಲಾಸ್ಟಿಕ್ ಎಳೆದು ಬಿಡಿ. ಮೊದಲಿನ ಅಳತೆಗೆ ವಾಪಸ್ ಬರದಿದ್ದರೆ, ಅಥವಾ ಎಳೆಯುವಾಗ ಒಳಗಿಂದ ಚರಚರ ಸದ್ದು ಬಂದರೆ, ಒಳಗಿನ ರಬ್ಬರ್ ಸತ್ತಿದೆ. ಶಾಖಕ್ಕೂ ಬೆಳಕಿಗೂ ರಬ್ಬರ್ ಬೇಗ ಕೆಡುತ್ತದೆ. ನಾನು ಒಮ್ಮೆ ಇದನ್ನು ನೋಡದೆ ನಾಲ್ಕು ಪೈಜಾಮ ಹೊಲಿದು, ಎರಡೇ ಒಗೆತಕ್ಕೆ ನಾಲ್ಕರ ಸೊಂಟವನ್ನೂ ಬಿಚ್ಚಿ ಕೂತಿದ್ದೆ. ಈಗ ಎಲಾಸ್ಟಿಕ್ ತಂದ ದಿನವೇ ಸುರುಳಿಯ ಮೇಲೆ ತಿಂಗಳು, ವರ್ಷ ಬರೆದುಬಿಡುತ್ತೇನೆ.

ಕಪಾಟನ್ನು ಅಳೆಯಿರಿ, ಹಲಗೆಯನ್ನೂ ನೋಡಿ

ಬಟ್ಟೆ ತೂಗುಹಾಕುವ ಕಪಾಟು ಸಾಮಾನ್ಯವಾಗಿ 60 ಸೆಂಟಿಮೀಟರ್ ಆಳ ಇರುತ್ತದೆ. ಹ್ಯಾಂಗರಿಗೆ ಅಷ್ಟು ಬೇಕು. ಹೊಲಿಗೆ ಸಾಮಾನಿಗೆ ಮಾತ್ರ ಈ ಆಳವೇ ಶತ್ರು. ಹಿಂದಿನ ಸಾಲಿನಲ್ಲಿ ಇಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ, ಕಾಣದ್ದನ್ನು ಮತ್ತೆ ಕೊಳ್ಳುತ್ತೇವೆ. ಎರಡು ಉಪಾಯ ಇವೆ. ಒಂದು, ಕಪಾಟಿನ ಆಳದಷ್ಟೇ ಉದ್ದದ, ಮುಂದೆ ಹಿಡಿ ಇರುವ ಬುಟ್ಟಿ ಅಥವಾ ಟ್ರೇ ಇಟ್ಟು ಡ್ರಾಯರಿನ ಹಾಗೆ ಎಳೆಯುವುದು. ಇನ್ನೊಂದು, ಹಿಂದಿನ ಸಾಲನ್ನು ವರ್ಷಕ್ಕೊಮ್ಮೆ ಬೇಕಾಗುವ ಸಾಮಾನಿಗೇ ಬಿಡುವುದು, ದಿಂಬಿಗೆ ತುಂಬುವ ಹತ್ತಿ, ಉಲ್ಲನ್ನಿನ ಹೆಚ್ಚುವರಿ ಉಂಡೆ, ಅಂಥವು.

ತೂಕದ ಬಗ್ಗೆ ಸ್ವಲ್ಪ ಲೆಕ್ಕ ಹಾಕಿ. ಸಾಧಾರಣ ಹತ್ತಿ ಬಟ್ಟೆ ಚದರ ಮೀಟರಿಗೆ 150 ಗ್ರಾಂ ಅಂದುಕೊಂಡರೆ, 110 ಸೆಂಟಿಮೀಟರ್ ಪನ್ನದ್ದು, ಅಂದರೆ ಅಷ್ಟು ಅಗಲದ್ದು, ಒಂದು ಮೀಟರ್ 165 ಗ್ರಾಂ ತೂಗುತ್ತದೆ. 60 ಮೀಟರ್ ಕೂಡಿಟ್ಟರೆ ಹತ್ತಿರ ಹತ್ತಿರ 10 ಕಿಲೋ ಆಯಿತು. 60 ಮೀಟರ್ ಯಾರ ಹತ್ತಿರ ಇರುತ್ತದೆ ಅಂತ ಕೇಳಬೇಡಿ, ಒಮ್ಮೆ ಎಣಿಸಿ ನೋಡಿ. ತೆಳು ಹಲಗೆಯ, ನಡುವೆ ಆಸರೆ ಇಲ್ಲದ ಅಗಲ ಖಾನೆ ಇಷ್ಟು ಭಾರಕ್ಕೆ ನಿಧಾನಕ್ಕೆ ಬಾಗುತ್ತದೆ. ಹಾಗಾಗಿ ಬಟ್ಟೆಯ ರಾಶಿಯನ್ನು ಹಲಗೆಯ ಎರಡು ಬದಿಗೆ ಹಾಕಿ, ನಡುವೆ ಹಗುರದ್ದು ಇಡಿ.

ಯಾವುದು ಎಲ್ಲಿ

ಕಣ್ಣಿನ ಮಟ್ಟದಿಂದ ಸೊಂಟದವರೆಗಿನ ಜಾಗ ಚಿನ್ನ. ಅಲ್ಲಿ ದಿನಬಳಕೆಯದ್ದು ಮಾತ್ರ: ದಾರ, ಬಾಬಿನ್, ಕತ್ತರಿ, ಟೇಪು, ಚಾಕ್, ಗುಂಡುಸೂಜಿ, ಈಗ ಹೊಲಿಯುತ್ತಿರುವ ಬಟ್ಟೆ. ಸೊಂಟದಿಂದ ಕೆಳಗೆ ಭಾರದ್ದು. ಕೈಗೆ ಸಿಗದ ಎತ್ತರಕ್ಕೆ ಹಗುರದ್ದು, ಬಿದ್ದರೂ ಏಟಾಗದ್ದು.

ಮೆಷಿನನ್ನು ಕಪಾಟಿನಲ್ಲೇ ಇಡುವವರು ಅದನ್ನು ಸೊಂಟದ ಎತ್ತರದಲ್ಲಿ ಇಟ್ಟರೆ ಒಳ್ಳೆಯದು. ಮನೆಬಳಕೆಯ ಹೊಸ ಮೆಷಿನ್ನುಗಳೇ 6–7 ಕಿಲೋ ತೂಗುತ್ತವೆ, ಹಳೆ ಕಬ್ಬಿಣದವು 10 ಕಿಲೋ ದಾಟುತ್ತವೆ. ಬಗ್ಗಿ ಎತ್ತಬೇಕು ಅಂತಿದ್ದರೆ ಹೊಲಿಗೆಯೇ ಬೇಡ ಅನಿಸುತ್ತದೆ. ಇದು ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ, ಬೆನ್ನು ನಮ್ಮದು ತಾನೇ. ಒಳಗಿಡುವಾಗ ಪ್ರೆಸರ್ ಫೂಟ್, ಅಂದರೆ ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಇಳಿಸಿ, ಅದರ ಕೆಳಗೆ ಒಂದು ಚೂರು ಬಟ್ಟೆ ಇಡಿ, ಎಣ್ಣೆ ಸೋರಿದರೆ ಅದು ಹೀರಿಕೊಳ್ಳುತ್ತದೆ. ಪೆಡಲ್ಲಿನ ವೈರನ್ನು ಪೆಡಲ್ಲಿಗೇ ಬಿಗಿಯಾಗಿ ಸುತ್ತಬೇಡಿ, ಬುಡದಲ್ಲಿ ಮುರಿಯುತ್ತದೆ. ಸಡಿಲವಾಗಿ ಸುರುಳಿ ಮಾಡಿ ಒಂದು ಬಟ್ಟೆಪಟ್ಟಿ ಕಟ್ಟಿದರೆ ಸಾಕು. ಇಸ್ತ್ರಿಪೆಟ್ಟಿಗೆ ಇದೇ ಕಪಾಟಿನಲ್ಲಿ ಇದ್ದರೆ ನೀರು ಚೆಲ್ಲಿ, ಪೂರ್ತಿ ತಣ್ಣಗಾದ ಮೇಲೆ ಒಳಗಿಡಿ. ಸ್ವಲ್ಪ ಬಿಸಿ ಇದೆ, ಪರವಾಗಿಲ್ಲ ಅನ್ನುವ ಮಾತೇ ಬೇಡ, ಸುತ್ತಲೂ ಇರುವುದು ಬಟ್ಟೆ.

ಬಾಗಿಲಿನ ಒಳಮೈ ಬಹಳ ಜನ ಮರೆಯುವ ಜಾಗ. ಅಲ್ಲಿ ನಾಲ್ಕು ಕೊಕ್ಕೆ ಹಾಕಿದರೆ ಕತ್ತರಿ, ಟೇಪು, ಸ್ಕೇಲು ನೇತುಬೀಳುತ್ತವೆ. ಕೊಕ್ಕೆಗೆ ಹಾಕೋದು ಒಂದು ಕ್ಷಣದ ಕೆಲಸ, ಹಾಗಾಗಿ ಅವು ವಾಪಸ್ ಹೋಗಿಯೇ ಹೋಗುತ್ತವೆ. ಬಾಗಿಲು ಮುಚ್ಚಿದಾಗ ಒಳಗಿನ ಹಲಗೆಗೆ ತಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನಾನು ನೋಡಿರಲಿಲ್ಲ, ಎಲ್ಲಾ ಕೊಕ್ಕೆ ಕಿತ್ತು ಎರಡು ಇಂಚು ಮೇಲಕ್ಕೆ ಹಾಕಬೇಕಾಯಿತು.

ಬಟ್ಟೆ ನಿಲ್ಲಲಿ, ಮಲಗುವುದು ಬೇಡ

ಅಡ್ಡ ಪೇರಿಸಿದ ಬಟ್ಟೆಯಲ್ಲಿ ತಳದ್ದು ಎಳೆದರೆ ಇಡೀ ರಾಶಿ ಕೆಳಗೆ. ಬಟ್ಟೆಯನ್ನು ಪುಸ್ತಕದ ಹಾಗೆ ನಿಲ್ಲಿಸಬೇಕು. ಅದಕ್ಕೆ ಎಲ್ಲಾ ಮಡಿಕೆ ಒಂದೇ ಅಳತೆಯಲ್ಲಿ ಇರಬೇಕು. ನಾನು ಮಾಡುವುದು ಹೀಗೆ. ಬಟ್ಟೆಯ ಎರಡು ಅಂಚನ್ನು ಕೂಡಿಸಿ ಉದ್ದಕ್ಕೆ ಮಡಚುತ್ತೇನೆ, ಮತ್ತೊಮ್ಮೆ ಅದೇ ದಿಕ್ಕಿನಲ್ಲಿ ಮಡಚುತ್ತೇನೆ. 110 ಸೆಂಟಿಮೀಟರ್ ಪನ್ನ ಈಗ 27 ಸೆಂಟಿಮೀಟರ್ ಚಿಲ್ಲರೆ ಆಯಿತು. ಆರು ಇಂಚು ಅಗಲದ ಗಟ್ಟಿ ರಟ್ಟಿನ ಸುತ್ತ ಆ ಪಟ್ಟಿಯನ್ನು ಸುತ್ತುತ್ತಾ ಹೋಗಿ, ಕೊನೆಯಲ್ಲಿ ರಟ್ಟನ್ನು ಜಾರಿಸಿ ಹೊರಗೆ ತೆಗೆಯುತ್ತೇನೆ. ಮಡಿಕೆಯ ದುಂಡು ಅಂಚು ಮುಂದೆ ಕಾಣುವಂತೆ ನಿಲ್ಲಿಸಿದರೆ ಬಣ್ಣವೂ ಕಾಣುತ್ತದೆ, ಎಷ್ಟು ದಪ್ಪ ಇದೆ ಅನ್ನುವುದರಿಂದ ಎಷ್ಟು ಮೀಟರ್ ಉಳಿದಿದೆ ಅಂತ ಅಂದಾಜೂ ಸಿಗುತ್ತದೆ. ಸಾಲು ಅರ್ಧ ಖಾಲಿ ಆದಾಗ ಎಲ್ಲವೂ ವಾಲುತ್ತವೆ, ಆಗ ಪುಸ್ತಕಕ್ಕೆ ಇಡುವ ಕಬ್ಬಿಣದ ಆನಿಕೆ ಒಂದು ಇದ್ದರೆ ಸಾಕು.

ಬಣ್ಣದ ಪ್ರಕಾರ ಜೋಡಿಸಬೇಕಾ, ಬಟ್ಟೆಯ ಜಾತಿ ಪ್ರಕಾರವಾ? ಉಡುಪು ಹೊಲಿಯುವವರಿಗೆ ಜಾತಿ ಪ್ರಕಾರ ಒಳ್ಳೆಯದು, ಹತ್ತಿ, ರೇಷ್ಮೆ, ಹಿಗ್ಗುವ ನಿಟ್ ಬಟ್ಟೆ, ಲೈನಿಂಗ್ ಅಂತ. ತೇಪೆ ಜೋಡಿಸಿ ಕೌದಿ ಹೊಲಿಯುವವರಿಗೆ ಬಣ್ಣ ಮುಖ್ಯ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಯಾವುದೂ ಉಳಿಯುವುದಿಲ್ಲ.

ಎಲ್ಲವನ್ನೂ ಮಡಚಬಾರದು ಅನ್ನುವುದೂ ನೆನಪಿರಲಿ. ಮಖಮಲ್ ಮಡಚಿದರೆ ಗೀರು ಬೀಳುತ್ತದೆ, ಆ ಗೀರು ಇಸ್ತ್ರಿಗೂ ಹೋಗುವುದಿಲ್ಲ. ಅದನ್ನು ಸುತ್ತಿಡಿ ಅಥವಾ ತೂಗುಹಾಕಿ. ಕಾಲರಿಗೆ ಹಾಕುವ ಕ್ಯಾನ್ವಾಸನ್ನೂ ಸುತ್ತಿಡಬೇಕು. ಇಸ್ತ್ರಿ ಮಾಡಿ ಅಂಟಿಸುವ ಕ್ಯಾನ್ವಾಸ್ ಆದರೆ ಯಾವ ಬಗೆ, ಎಷ್ಟು ಶಾಖ ಅನ್ನುವ ಚೀಟಿಯನ್ನು ಸುರುಳಿಯ ಒಳಗೇ ತುರುಕಿ. ಚೀಟಿ ಕಳೆದುಹೋದ ಮೇಲೆ ಬಿಳಿ ಕ್ಯಾನ್ವಾಸೆಲ್ಲ ಒಂದೇ ಥರ ಕಾಣುತ್ತವೆ, ತೆಳು ಬಟ್ಟೆಗೆ ದಪ್ಪದ್ದು ಅಂಟಿಸಿದ ಮೇಲೆ ಗೊತ್ತಾಗಿ ಏನು ಪ್ರಯೋಜನ. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ವರ್ಷಕ್ಕೆ ಒಂದೆರಡು ಸಲ ಮಡಿಕೆಯ ಜಾಗ ಬದಲಿಸಿ.

ಒಗೆದು ಕುಗ್ಗಿಸಿದ ಬಟ್ಟೆ ಯಾವುದು, ಇನ್ನೂ ಒಗೆಯದ್ದು ಯಾವುದು? ಇದು ದೊಡ್ಡ ತಲೆನೋವು. ಒಗೆಯುವ ಮೊದಲು ಬಟ್ಟೆಯ ತುದಿಗೆ ಜಿಗ್‌ಜ್ಯಾಗ್ ಹೊಲಿಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಎಳೆಯೂ ಬಿಚ್ಚಿಕೊಳ್ಳುವುದಿಲ್ಲ, ಹೊಲಿಗೆ ಕಂಡರೆ ಒಗೆದಿದ್ದು ಅಂತ ಗುರುತೂ ಆಯಿತು.

ಚೂರು ಬಟ್ಟೆಗೆ ಒಂದೇ ಡಬ್ಬಿ ಕೊಡಿ. ಅದು ತುಂಬಿದರೆ ಖಾಲಿ ಮಾಡಿದ ಮೇಲೇ ಹೊಸ ಚೂರಿಗೆ ಜಾಗ. ಅಂಗೈಗಿಂತ ಚಿಕ್ಕದನ್ನು ನಾನು ಇಡುವುದಿಲ್ಲ, ನೇರ ದಿಂಬಿನೊಳಗೆ ಹೋಗುತ್ತದೆ.

ದಾರ, ಬಾಬಿನ್, ಸಣ್ಣಪುಟ್ಟ

ದಾರದ ರೀಲುಗಳನ್ನು ಗೋಡೆಗೆ ಮೊಳೆ ಹೊಡೆದು ಸಾಲಾಗಿ ಹಾಕಿದರೆ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬೆಳಕಿಗೆ ಬಣ್ಣ ಮಾಸುತ್ತದೆ, ಧೂಳು ಕೂರುತ್ತದೆ, ಆ ಧೂಳು ದಾರದ ಜೊತೆ ಮೆಷಿನ್ನಿಗೇ ಹೋಗುತ್ತದೆ. ಬಾಗಿಲಿರುವ ಕಪಾಟು ಇರುವಾಗ ಅದರ ಒಳಗೇ ಇರಲಿ. ರೀಲುಗಳು ಮಲಗುವಷ್ಟು ಅಗಲದ, ಹೆಚ್ಚು ಆಳ ಇಲ್ಲದ ಟ್ರೇಯಲ್ಲಿ ಒಂದೇ ಪದರ ಜೋಡಿಸಿ. ಎರಡು ಪದರ ಆಯಿತೋ, ಕೆಳಗಿನ ಪದರ ಇಲ್ಲವೇ ಇಲ್ಲ ಅಂತ ತಿಳಿಯಿರಿ. ಬಾಬಿನ್ನನ್ನು ಅದೇ ದಾರದ ರೀಲಿನ ಮೇಲೆ ಕೂರಿಸಿ, ಒಂದು ಇಯರ್‌ಬಡ್ ಕಡ್ಡಿ ಅಥವಾ ಸ್ಟ್ರಾ ತುಂಡು ತೂರಿಸಿದರೆ ಎರಡೂ ಜೊತೆಗಿರುತ್ತವೆ. ಎರಡು ಬೇರೆ ಮೆಷಿನ್ ಇರುವವರು ಬಾಬಿನ್ನುಗಳನ್ನು ಬೆರೆಸಲೇಬೇಡಿ. ನೋಡೋಕೆ ಒಂದೇ ಥರ ಇದ್ದರೂ ಎತ್ತರದಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ, ಹೊಲಿಗೆ ಕೆಡುತ್ತದೆ, ನಾವು ಮೆಷಿನನ್ನು ಬಯ್ಯುತ್ತೇವೆ.

ಕಸೂತಿ ದಾರದ ಲಡಿಯ ಮೇಲೆ ಕಾಗದದ ಪಟ್ಟಿ ಇರುತ್ತದಲ್ಲ, ಅದರಲ್ಲಿರುವ ಬಣ್ಣದ ನಂಬರೇ ಅದರ ಜಾತಕ. ರಟ್ಟಿಗೆ ಸುತ್ತುವಾಗ ಆ ನಂಬರನ್ನು ರಟ್ಟಿನ ಮೇಲೆ ಬರೆದುಕೊಳ್ಳಿ. ಮುಕ್ಕಾಲು ಹೂವು ಮುಗಿದಾಗ ದಾರ ಖಾಲಿಯಾದರೆ ಅದೇ ಕೆಂಪನ್ನು ಬರೀ ಕಣ್ಣಿನಲ್ಲಿ ಹುಡುಕೋಕೆ ಆಗುವುದಿಲ್ಲ. ಆರು ಎಳೆಯ ದಾರದಲ್ಲಿ ಎರಡೆಳೆ ಬಿಡಿಸಿ ಉಳಿದ ನಾಲ್ಕನ್ನೂ ಅದೇ ರಟ್ಟಿಗೆ ಸುತ್ತಿ.

ಮೆಷಿನ್ ಸೂಜಿಗೆ ಬೇರೆ ಕಥೆ. ಪ್ಯಾಕೆಟಿನ ಮೇಲೆ 80/12, 90/14 ಅಂತ ಇರುತ್ತದೆ. ಮೊದಲ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದಲ್ಲಿ, ಅಂದರೆ 80 ಅಂದರೆ 0.8 ಮಿಲಿಮೀಟರ್. ತೆಳು ಬಟ್ಟೆಗೆ 70, ಸಾಧಾರಣ ಹತ್ತಿಗೆ 80 ಇಲ್ಲವೇ 90, ಜೀನ್ಸಿಗೆ 100. ಪ್ಯಾಕೆಟಿನಿಂದ ಹೊರಬಂದ ಸೂಜಿಯ ನಂಬರ್ ಬರಿಗಣ್ಣಿಗೆ ಓದೋಕೆ ಬಹಳ ಕಷ್ಟ. ಅದಕ್ಕೆ ಸೂಜಿದಿಂಬಿನ ಮೇಲೆ ಪೆನ್ನಿನಿಂದ ಗೆರೆ ಹಾಕಿ ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ನಂಬರ್ ಬರೆಯಿರಿ. ಅರ್ಧ ಬಳಸಿದ ಸೂಜಿ ಅದರ ಭಾಗದಲ್ಲಿ ಚುಚ್ಚಿದರೆ ಆಯಿತು. ಮೊಂಡಾದ, ಬಾಗಿದ ಸೂಜಿಯನ್ನು ಕಸದ ಬುಟ್ಟಿಗೆ ಬಿಡಿಯಾಗಿ ಎಸೆಯಬೇಡಿ, ಕಸ ಎತ್ತುವವರ ಕೈಗೆ ಚುಚ್ಚುತ್ತದೆ. ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಒಂದು ಗಟ್ಟಿ ಡಬ್ಬಿ ಕಪಾಟಿನಲ್ಲೇ ಇರಲಿ, ತುಂಬಿದ ಮೇಲೆ ಟೇಪ್ ಸುತ್ತಿ ಬರೆದು ಕೊಡಿ.

ಗುಂಡಿಗಳನ್ನು ದೊಡ್ಡ ಗಾಜಿನ ಜಾಡಿಗೆ ಸುರಿದರೆ ಫೋಟೋಕ್ಕೆ ಚೆನ್ನ. ಆರು ಒಂದೇ ಥರದ್ದು ಬೇಕಾದಾಗ ಮಾತ್ರ ಜಾಡಿಯನ್ನು ನೆಲಕ್ಕೆ ಸುರಿದು ಕೂರಬೇಕು. ಜೊತೆಯ ಗುಂಡಿಗಳನ್ನು ದಾರಕ್ಕೆ ಪೋಣಿಸಿ ಗಂಟು ಹಾಕಿಬಿಡಿ, ಆಮೇಲೆ ಜಾಡಿಗೇ ಹಾಕಿದರೂ ತೊಂದರೆ ಇಲ್ಲ. ಹುಕ್ಕು, ಟಿಚ್ ಬಟನ್, ಚಮಕಿಗೆ ಸಣ್ಣ ಖಾನೆಗಳ ಮಾತ್ರೆ ಡಬ್ಬಿ ಸಾಕು. ಜಿಪ್ಪನ್ನು ಬಣ್ಣಕ್ಕಿಂತ ಮೊದಲು ಉದ್ದದ ಪ್ರಕಾರ ಬೇರೆ ಮಾಡಿ. ನನ್ನ ಏಳು ಕಪ್ಪು ಜಿಪ್ಪು ಒಂದು ಕಡೆ ಸೇರಿದ್ದು ಆಗಲೇ.

ಚೂಪಾದದ್ದು, ಅಂಟಾದದ್ದು

ಬಟ್ಟೆಯ ಕತ್ತರಿಯ ಹಿಡಿಗೆ ಒಂದು ಕೆಂಪು ಪಟ್ಟಿ ಕಟ್ಟಿ. ಕಾಗದದ ಕತ್ತರಿಯನ್ನು ಬೇರೆ ಖಾನೆಯಲ್ಲಿ, ಎಲ್ಲರ ಕೈಗೆ ಸುಲಭವಾಗಿ ಸಿಗುವ ಹಾಗೆ ಇಡಿ. ಅದು ಬೇಗ ಸಿಕ್ಕಿದರೆ ಯಾರೂ ನಿಮ್ಮ ಒಳ್ಳೆ ಕತ್ತರಿ ಮುಟ್ಟುವುದಿಲ್ಲ, ಜಗಳವೂ ಕಮ್ಮಿ. ರೋಟರಿ ಕಟರ್ (ಬಟ್ಟೆ ಕತ್ತರಿಸುವ ಉರುಳು ಬ್ಲೇಡು) ಇದ್ದರೆ ಬ್ಲೇಡ್ ಮುಚ್ಚಿಯೇ ಇಡಬೇಕು. ಕತ್ತರಿಸುವಾಗ ಅಡಿಗೆ ಹಾಸುವ ಅದರ ಮ್ಯಾಟನ್ನು ಗೋಡೆಗೆ ಒರಗಿಸಬೇಡಿ, ಬಾಗುತ್ತದೆ. ಶಾಖ ತಾಗಿದರೂ ಸೊಟ್ಟಗಾಗುತ್ತದೆ, ಸೊಟ್ಟ ಮ್ಯಾಟ್ ಮೇಲೆ ನೇರ ಕತ್ತರಿಸೋಕೆ ಆಗುವುದಿಲ್ಲ. ಹಲಗೆಯ ಮೇಲೆ ಸಪಾಟಾಗಿ ಹಾಸಿ, ಅದರ ಮೇಲೇ ಬಟ್ಟೆ ಬುಟ್ಟಿ ಇಡಬಹುದು.

ಗಮ್, ಬಣ್ಣ, ವಾರ್ನಿಷ್ ಯಾವತ್ತೂ ಬಟ್ಟೆಯ ಮೇಲಿನ ಹಲಗೆಯಲ್ಲಿ ಇರಬಾರದು. ಸೋರಿದರೆ ಕೆಳಗಿನದೆಲ್ಲ ಹೋಯಿತು. ತಳದ ಖಾನೆಯಲ್ಲಿ, ಅಂಚು ಎತ್ತರ ಇರುವ ಟ್ರೇಯಲ್ಲಿ ನಿಲ್ಲಿಸಿ. ಮಕ್ಕಳಿರುವ ಮನೆಯಲ್ಲಿ ತಳದ ಖಾನೆಗೆ ಚಿಲಕ ಬೇಕು, ಅಥವಾ ಇವನ್ನೇ ಬೇರೆ ಬೀಗದ ಡಬ್ಬಿಗೆ ಹಾಕಿ. ಬೆಳಗುವ ಕ್ರಾಫ್ಟ್‌ಗಳಿಗೆ ಹಾಕುವ ಗುಂಡಿ ಗಾತ್ರದ ಬ್ಯಾಟರಿ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಗುಂಡಿ ಡಬ್ಬಿಯ ಹತ್ತಿರವೂ ಅದು ಬೇಡ.

ಅರ್ಧಕ್ಕೆ ನಿಂತ ಕೆಲಸ

ನನ್ನ ಪ್ರಕಾರ ಕಪಾಟು ಹಾಳಾಗುವುದು ಇವುಗಳಿಂದಲೇ. ಒಂದು ಅರ್ಧ ಹೊಲಿದ ಕುರ್ತಾ ಹಲಗೆ ಮೇಲೆ ಬಿದ್ದರೆ ಅದರ ಸುತ್ತ ಇನ್ನೆಲ್ಲವೂ ಬೀಳುತ್ತವೆ. ಪ್ರತಿ ಕೆಲಸಕ್ಕೂ ಒಂದು ಚೀಲ ಮಾಡಿ, ಒಳಗೆ ಕತ್ತರಿಸಿದ ತುಂಡು, ಅದೇ ಬಣ್ಣದ ದಾರ, ಬಾಬಿನ್, ಜಿಪ್ಪು, ಗುಂಡಿ ಎಲ್ಲ ಒಟ್ಟಿಗೆ ಹಾಕಿ. ಇದರ ಜೊತೆ ಒಂದು ಚೀಟಿ: ಯಾವ ಸೂಜಿ ಹಾಕಿದ್ದೆ, ಹೊಲಿಗೆಯ ಉದ್ದ ಎಷ್ಟಿಟ್ಟಿದ್ದೆ, ಮುಂದಿನ ಹೆಜ್ಜೆ ಏನು. "ಎಡ ತೋಳು ಕೂಡಿಸಬೇಕು, ಬಲ ತೋಳು ಆಯಿತು" ಅಂತ ಬರೆದಿಟ್ಟ ಒಂದು ಸಾಲು ಆರು ತಿಂಗಳ ನಂತರ ಅರ್ಧ ದಿನ ಉಳಿಸುತ್ತದೆ. ಈ ಚೀಲಗಳನ್ನು ಹ್ಯಾಂಗರಿಗೆ ಕ್ಲಿಪ್ ಹಾಕಿ ಕಪಾಟಿನ ಕಂಬಿಗೆ ತೂಗುಹಾಕಿ. ಕಂಬಿಯಲ್ಲಿ ಐದು ಹ್ಯಾಂಗರ್ ಅಂತ ನಾನು ಮಿತಿ ಇಟ್ಟುಕೊಂಡೆ, ಆರನೆಯದು ಬೇಕಾದರೆ ಒಂದನ್ನು ಮುಗಿಸಬೇಕು, ಇಲ್ಲ ಬಿಚ್ಚಿ ಬಟ್ಟೆ ವಾಪಸ್ ಸಾಲಿಗೆ ಹೋಗಬೇಕು. ಹನ್ನೊಂದರಲ್ಲಿ ನಾಲ್ಕನ್ನು ಬಿಚ್ಚಿದೆ. ಒಂದನ್ನೂ ನೆನೆಸಿಕೊಂಡಿಲ್ಲ.

ಹುಳು, ತೇವ

ಬಟ್ಟೆ ತಿನ್ನುವ ಹುಳಕ್ಕೆ ಉಲ್ಲನ್, ರೇಷ್ಮೆ, ಗರಿ ಅಂದರೆ ಇಷ್ಟ. ಬೆವರು, ಎಣ್ಣೆ ಕಲೆ ಇದ್ದರೆ ಹತ್ತಿಯನ್ನೂ ಬಿಡುವುದಿಲ್ಲ. ಹಾಗಾಗಿ ಮೈಗೆ ಹಾಕಿ ನೋಡಿದ ಅರ್ಧ ಸ್ವೆಟರನ್ನು ಹಾಗೇ ಒಳಗಿಡಬೇಡಿ. ಯಾರೋ ಕೊಟ್ಟ ಹಳೆ ಉಲ್ಲನ್ ಬಂದರೆ ಅನುಮಾನದಿಂದಲೇ ನೋಡಿ. ಗಾಳಿಯಾಡದ ಚೀಲಕ್ಕೆ ಹಾಕಿ ಎರಡು ವಾರ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇಟ್ಟು, ಹೊರತೆಗೆದ ಮೇಲೆ ಚೀಲ ತಣ್ಣಗಿರುವವರೆಗೆ ಬಿಚ್ಚದೆ, ಆಮೇಲೆ ಕಪಾಟಿಗೆ ಸೇರಿಸಿ. ನುಸಿಗುಳಿಗೆ ನನಗೆ ಇಷ್ಟವಿಲ್ಲ. ವಾಸನೆ ಬಟ್ಟೆ ಬಿಡುವುದಿಲ್ಲ, ಮಕ್ಕಳು ಮಿಠಾಯಿ ಅಂದುಕೊಳ್ಳುತ್ತಾರೆ, ಕೆಲವು ಬಗೆಯ ಪ್ಲಾಸ್ಟಿಕ್ ಗುಂಡಿ, ಡಬ್ಬಿಗಳನ್ನೂ ಅದು ಮೆತ್ತಗೆ ಮಾಡುತ್ತದೆ.

ತೇವಕ್ಕೆ ಸೂಜಿ, ಹುಕ್ಕು ತುಕ್ಕು ಹಿಡಿಯುತ್ತವೆ, ತುಕ್ಕಿನ ಚುಕ್ಕೆ ಬಟ್ಟೆಗೆ ಬಂದರೆ ಹೋಗಿಸುವುದು ಬಹಳ ಕಷ್ಟ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಸೂಜಿ ಡಬ್ಬಿಗೆ ಹಾಕಿ. ಕಪಾಟು ಹೊರಗೋಡೆಗೆ ತಾಗಿದ್ದರೆ ಸ್ವಲ್ಪ ಮುಂದೆ ಎಳೆದು ಗಾಳಿ ಆಡಲು ಬಿಡಿ.

ಕೊನೆಗೆ ಡಬ್ಬಿ, ಚೀಟಿ

ಈಗ ಡಬ್ಬಿ ಕೊಳ್ಳಿ, ಏನು ಎಷ್ಟಿದೆ ಅಂತ ಈಗ ಗೊತ್ತಾಯಿತಲ್ಲ. ಪಾರದರ್ಶಕ ಇದ್ದರೆ ಒಳ್ಳೆಯದು. ಮನೆಯಲ್ಲಿರುವ ಶೂ ಡಬ್ಬಿಯೂ ನಡೆಯುತ್ತದೆ. ದಿನಾ ಬಳಸುವುದಕ್ಕೆ ಮುಚ್ಚಳವೇ ಬೇಡ. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳಗಳು ಅದಲುಬದಲು ಆಗುತ್ತವೆ. ಮುಂದಿನ ಮೈಗೆ ಅಂಟಿಸಿ. ಬರೆಯುವುದಕ್ಕಿಂತ ಒಂದು ಗುಂಡಿ, ಒಂದು ತುಂಡು ಲೇಸನ್ನು ಡಬ್ಬಿಯ ಮೇಲೇ ಅಂಟಿಸಿದರೆ ಇನ್ನೂ ಚೆನ್ನ, ಓದಲು ಬಾರದ ಮಗುವೂ ಸರಿಯಾದ ಜಾಗಕ್ಕೆ ಹಾಕುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ರಾತ್ರಿ ಏನನ್ನೂ ಜೋಡಿಸುವ ಮನಸ್ಸಿರುವುದಿಲ್ಲ. ಅದಕ್ಕೆ ಸೊಂಟದ ಮಟ್ಟದಲ್ಲಿ ಒಂದು ಖಾಲಿ ಟ್ರೇ ಬಿಡಿ. ಅಂಥ ದಿನ ಎಲ್ಲವನ್ನೂ ಅದರೊಳಗೆ ಸುರಿದು ಬಾಗಿಲು ಹಾಕಿ ಮಲಗಿ. ಮುಂದಿನ ಸಲ ಮೆಷಿನ್ ಮುಂದೆ ಕೂರುವ ಮೊದಲು ಆ ಟ್ರೇ ಖಾಲಿ ಮಾಡಿದರೆ ಆಯಿತು, ಐದು ನಿಮಿಷದ ಕೆಲಸ. ಒಂದೇ ವಸ್ತು ಮತ್ತೆ ಮತ್ತೆ ಟ್ರೇಯಲ್ಲೇ ಉಳಿಯುತ್ತಿದ್ದರೆ ಅದರ ಜಾಗ ಬದಲಿಸಿ. ನನ್ನ ಕಪಾಟಿನಲ್ಲಿ ಅದು ಚಾಕ್ ಆಗಿತ್ತು. ಈಗ ಅದು ಬಾಗಿಲಿನ ಕೊಕ್ಕೆಗೆ, ಟೇಪಿನ ಪಕ್ಕ, ಸಣ್ಣ ಚೀಲದಲ್ಲಿ ನೇತಾಡುತ್ತಿದೆ.